ಇಮ್ಮಡಿ, ಮುಮ್ಮಡಿ, ನೂರ್ಮಡಿ: ಫೋರ್ತ್ ಭಾಷೆಯ ವಿಸ್ತರಣಾ ಪದಗಳು ಮತ್ತು ಕನ್ನಡ ಪದರಚನೆ

ಕಂಪ್ಯೂಟರಿಗೆ ಆದೇಶ ನೀಡಲೆಂದು ರೂಪಿಸಿದ ಭಾಷೆಗಳನ್ನು ವ್ಯಾಕರಣದ ದೃಷ್ಟಿಯಿಂದ ಪರಿಶೀಲಿಸುವ ಪರಿಪಾಠ ಕನ್ನಡ ವಿಭಾಗಗಳಲ್ಲಿ ಹೆಚ್ಚಾಗಿ ಬೆಳೆದಿಲ್ಲ. ಅವು ಗಣಿತದವರ ಸ್ವತ್ತು ಎಂಬ ಭಾವನೆಯೇ ನಮ್ಮಲ್ಲಿ ನೆಲೆಗೊಂಡಿದೆ. ಆದರೆ ಅವುಗಳಲ್ಲೊಂದಾದ ಫೋರ್ತ್ ನಮ್ಮವರ ಗಮನಕ್ಕೆ ವಿಶೇಷವಾಗಿ ಅರ್ಹವಾದುದು. ಅದರಲ್ಲಿ ಪ್ರತಿಯೊಂದು ಆದೇಶವನ್ನೂ ‘ಪದ’ ಎಂದೇ ಕರೆಯುತ್ತಾರೆ. ಪದಗಳ ಸಂಗ್ರಹಕ್ಕೆ ‘ನಿಘಂಟು’ ಎಂದು ಹೆಸರು. ಆ ನಿಘಂಟಿಗೆ ಹೊಸ ಪದ ಸೇರುವ ಬಗೆಯೇ ಆ ಭಾಷೆಯ ಜೀವಾಳ. ಪಾರಿಭಾಷಿಕ ಪದಗಳನ್ನು ನಿರಂತರವಾಗಿ ರಚಿಸಬೇಕಾಗಿರುವ ಕನ್ನಡಕ್ಕೆ ಅದರಿಂದ ಏನು ಸೂಚನೆ ದೊರೆಯುತ್ತದೆ ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಫೋರ್ತ್‌ನ ಕರ್ತೃ ಅಮೆರಿಕದ ಚಾರ್ಲ್ಸ್ ಮೂರ್. 1970ರ ಸುಮಾರಿಗೆ ರೂಪುಗೊಂಡ ಈ ಭಾಷೆ ಕಿಟ್ ಪೀಕ್ ಶಿಖರದ ರೇಡಿಯೊ ದೂರದರ್ಶಕವನ್ನು ನಿಯಂತ್ರಿಸುವ ಕೆಲಸದಲ್ಲಿ ಬಳಕೆಯಾಗಿ ಹೆಸರು ಪಡೆಯಿತು. ‘ನಾಲ್ಕನೆಯದು’ ಎಂಬರ್ಥದ ಇಂಗ್ಲಿಷ್ ಶಬ್ದವೇ ಅದರ ಹೆಸರಾಗಬೇಕಿತ್ತು. ಅಂದಿನ ಐಬಿಎಂ 1130 ಯಂತ್ರ ಐದಕ್ಕಿಂತ ಹೆಚ್ಚು ಅಕ್ಷರಗಳ ಹೆಸರನ್ನು ಒಪ್ಪದ ಕಾರಣ ಒಂದಕ್ಷರ ಲೋಪವಾಯಿತು. ಲೋಪಸಂಧಿಗೆ ಯಂತ್ರವೂ ಕಾರಣವಾಗಬಲ್ಲದು!

ಫೋರ್ತ್‌ನ ಕೆಲಸವೆಲ್ಲ ಸ್ಟ್ಯಾಕ್‌ನ ಮೇಲೆ ನಡೆಯುತ್ತದೆ. ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಕೊನೆಗೆ ಇಟ್ಟದ್ದೇ ಮೊದಲು ಕೈಗೆ ಸಿಗುವಂತೆ, ಇಲ್ಲಿ ಕೊನೆಗೆ ಬಂದ ಸಂಖ್ಯೆ ಮೊದಲು ಹೊರಡುತ್ತದೆ. ಆದುದರಿಂದ ಅದನ್ನು ‘ಪೇರಿಕೆ’ ಎಂದು ಕರೆಯೋಣ. ‘3 4 +’ ಎಂದರೆ ಮೂರು ಮತ್ತು ನಾಲ್ಕು ಪೇರಿಕೆಯನ್ನು ಸೇರುತ್ತವೆ. ಅನಂತರ ಬರುವ ಕೂಡುವ ಪದ ಅವೆರಡನ್ನೂ ತೆಗೆದು ಏಳನ್ನು ಇಡುತ್ತದೆ. ಇಂಗ್ಲಿಷ್ ಬಲ್ಲವರಿಗೆ ಈ ಕ್ರಮ ವಿಪರೀತವೆನಿಸಬಹುದು. ‘ಮೂರಕ್ಕೆ ನಾಲ್ಕನ್ನು ಕೂಡಿಸು’ ಎಂದು ಕ್ರಿಯಾಪದವನ್ನು ಕೊನೆಯಲ್ಲಿಡುವ ನಮಗೆ ಅದು ಸಹಜವೇ ಆಗಿದೆ. ಆದರೆ ಸಾಮ್ಯವನ್ನು ಬಹಳ ದೂರ ಎಳೆಯಲಾಗದು. ‘ಹತ್ತರಿಂದ ಮೂರನ್ನು ಕಳೆ’, ‘ಮೂರನ್ನು ಹತ್ತರಿಂದ ಕಳೆ’ ಎಂಬ ಎರಡು ವಾಕ್ಯಗಳಿಗೂ ಅರ್ಥ ಒಂದೇ. ವಿಭಕ್ತಿಪ್ರತ್ಯಯಗಳು ಸಂಬಂಧವನ್ನು ಕಾಯುತ್ತವೆ. ಫೋರ್ತ್‌ಗೆ ವಿಭಕ್ತಿಯಿಲ್ಲ. ಅಲ್ಲಿ ‘10 3 -’ ಏಳನ್ನೂ ‘3 10 -’ ಋಣ ಏಳನ್ನೂ ಕೊಡುತ್ತವೆ. ಈ ಕೊರತೆಯನ್ನು ತುಂಬಲು ‘ಸ್ವಾಪ್’, ‘ಡ್ಯೂಪ್’, ‘ಡ್ರಾಪ್’ ಮುಂತಾದ ಪದಗಳು ಬೇಕಾದವು. ಮೊದಲನೆಯದು ಮೇಲಿನ ಎರಡನ್ನು ಅದಲುಬದಲು ಮಾಡುತ್ತದೆ, ಎರಡನೆಯದು ಮೇಲಿನದರ ಇನ್ನೊಂದು ಪ್ರತಿ ಇಡುತ್ತದೆ, ಮೂರನೆಯದು ಮೇಲಿನದನ್ನು ಬಿಸುಡುತ್ತದೆ.

1994ರ ಅಮೆರಿಕನ್ ಮಾನಕದಲ್ಲಿ ಈ ಪದಗಳನ್ನು ವರ್ಗಗಳಾಗಿ ವಿಂಗಡಿಸಿದೆ. ಮೂಲವರ್ಗದಲ್ಲಿ 133 ಪದಗಳಿವೆ. ಅದರ ಪಕ್ಕದಲ್ಲಿ ವಿಸ್ತರಣಾ ವರ್ಗ. ವಿಸ್ತರಣೆಯ ಪದಗಳಲ್ಲಿ ಹಲವು ಹೊಸ ಶಕ್ತಿಯನ್ನೇನೂ ತರುವುದಿಲ್ಲ. ಪೇರಿಕೆಯ ಎರಡನೆಯದನ್ನು ತೆಗೆದುಹಾಕುವ ‘ನಿಪ್’ ಎಂಬುದನ್ನು ‘: ನಿಪ್ ಸ್ವಾಪ್ ಡ್ರಾಪ್ ;’ ಎಂದು ಯಾರಾದರೂ ಬರೆದುಕೊಳ್ಳಬಹುದು. ವಿವರಣಬಿಂದುವಿನಿಂದ ಆರಂಭ, ಅರ್ಧವಿರಾಮದಿಂದ ಮುಕ್ತಾಯ. ನಡುವಿನ ಮೊದಲ ಶಬ್ದ ಹೆಸರು, ಉಳಿದುದು ಅರ್ಥ. ಹಾಗೆಯೇ ‘: ವರ್ಗ ಡ್ಯೂಪ್ * ;’ ಎಂದರೆ ‘5 ವರ್ಗ’ ಇಪ್ಪತ್ತೈದಾಗುತ್ತದೆ. ಅದರ ಮೇಲೆ ‘: ಘನ ಡ್ಯೂಪ್ ವರ್ಗ * ;’ ಎಂದು ಮತ್ತೊಂದನ್ನು ಕಟ್ಟಬಹುದು. ಹೆಸರಿನಲ್ಲಿ ಖಾಲಿ ಸ್ಥಳವಿರಬಾರದೆಂಬುದನ್ನು ಬಿಟ್ಟರೆ ನಿರ್ಬಂಧ ಕಡಮೆ. ಯೂನಿಕೋಡ್ ಬಲ್ಲ ಜಿಫೋರ್ತ್‌ನಲ್ಲಿ ಕನ್ನಡದ ಹೆಸರುಗಳೂ ನಡೆಯುತ್ತವೆ. ಗಮನಿಸಬೇಕಾದ ಸಂಗತಿಯೆಂದರೆ, ಹೀಗೆ ಹುಟ್ಟಿದ ಪದಕ್ಕೂ ಮೂಲದ ಪದಕ್ಕೂ ಪ್ರಯೋಗದಲ್ಲಿ ಯಾವ ಭೇದವೂ ಇಲ್ಲ. ಬಳಸುವವನು ಕಟ್ಟಿದ ‘ವರ್ಗ’ ಭಾಷೆಯ ಕರ್ತೃ ಕಟ್ಟಿದ ಪದದಷ್ಟೇ ಅಧಿಕೃತ.

ಇದಕ್ಕಿಂತ ಮೇಲಿನ ಹಂತವೊಂದಿದೆ: ಪದವನ್ನು ಹುಟ್ಟಿಸುವ ಪದ. ಉದಾಹರಣೆಗೆ:

: ಮಡಿ ಕ್ರಿಯೇಟ್ , ಡಸ್> @ * ;
2 ಮಡಿ ಇಮ್ಮಡಿ
3 ಮಡಿ ಮುಮ್ಮಡಿ
100 ಮಡಿ ನೂರ್ಮಡಿ

ಇಲ್ಲಿ ‘ಕ್ರಿಯೇಟ್’ ಮುಂದೆ ಬರುವ ಹೆಸರನ್ನು ನಿಘಂಟಿಗೆ ಸೇರಿಸುತ್ತದೆ. ಅಲ್ಪವಿರಾಮವೆಂಬ ಪದ ಪೇರಿಕೆಯ ಸಂಖ್ಯೆಯನ್ನು ಅದರೊಳಗೆ ಹುದುಗಿಸುತ್ತದೆ. ‘ಡಸ್>’ ನಂತರದ ಭಾಗ ಈಗ ನಡೆಯದೆ, ಹುಟ್ಟಿದ ಪದವನ್ನು ಮುಂದೆ ಬಳಸಿದಾಗ ನಡೆಯುತ್ತದೆ. ‘7 ಇಮ್ಮಡಿ’ ಎಂದರೆ ಹದಿನಾಲ್ಕು. ಹುಟ್ಟುವ ಗಳಿಗೆ ಬೇರೆ, ಬಾಳುವ ಗಳಿಗೆ ಬೇರೆ ಎಂಬ ಈ ವಿವೇಚನೆ ನಮ್ಮ ತದ್ಧಿತಗಳಿಗೆ ಸಮೀಪವಾದುದು. ಕೇಶಿರಾಜ 13ನೆಯ ಶತಮಾನದಲ್ಲಿ ತನ್ನ ಶಬ್ದಮಣಿದರ್ಪಣದ ಒಂದು ಪ್ರಕರಣವನ್ನೇ ತದ್ಧಿತಕ್ಕೆ ಮೀಸಲಿಟ್ಟನು. ಗಾಣದಿಂದ ಗಾಣಿಗ ಹುಟ್ಟಿದಂತೆ, ಪ್ರತ್ಯಯ ಒಂದು ಪದವನ್ನಲ್ಲ, ಒಂದು ಪದಕುಲವನ್ನೇ ಕೊಡುತ್ತದೆ. ಹೈದರಾಬಾದಿನ ದಕ್ಷಿಣಕ್ಕೆ ಬೆಂಗಳೂರಿನ ಹೆದ್ದಾರಿಯಲ್ಲಿರುವ, 2008ರಿಂದ ವಿಮಾನ ನಿಲ್ದಾಣಕ್ಕೆ ಪ್ರಸಿದ್ಧವಾದ ಶಂಶಾಬಾದಿನ ಹೆಸರನ್ನೇ ನೋಡಬಹುದು. ‘ಜನವಸತಿಯುಳ್ಳದ್ದು’ ಎಂಬರ್ಥದ ಪಾರಸಿಯ ‘ಆಬಾದ್’ ಸಿಕಂದರಾಬಾದಿನಲ್ಲೂ ಇದೆ, ನಮ್ಮ ಬೀದರ ಜಿಲ್ಲೆಯ ಹುಮನಾಬಾದಿನಲ್ಲೂ ಇದೆ. ಒಂದು ವ್ಯತ್ಯಾಸವನ್ನು ಮರೆಯಬಾರದು. ಎರಡು, ಮಡಿ ಸೇರಿ ‘ಇಮ್ಮಡಿ’ ಆಗುವುದನ್ನು ಕನ್ನಡದ ಸಮಾಸವೇ ನಿರ್ಣಯಿಸುತ್ತದೆ. ಫೋರ್ತ್‌ಗೆ ಹೆಸರನ್ನು ನಾವೇ ಹೇಳಿಕೊಡಬೇಕು.

ಹಳೆಯ ಪದದ ಅರ್ಥವನ್ನು ಬದಲಿಸಿದರೇನಾಗುತ್ತದೆ? ‘ವರ್ಗ’ವನ್ನು ಮತ್ತೆ ಬೇರೆ ರೀತಿಯಲ್ಲಿ ನಿರೂಪಿಸಿದರೂ ಈ ಮೊದಲೇ ಕಟ್ಟಿದ ‘ಘನ’ ಹಳೆಯ ‘ವರ್ಗ’ವನ್ನೇ ಹಿಡಿದುಕೊಂಡಿರುತ್ತದೆ. ಮುದ್ರಣಕ್ಕಾಗಿ ಅಡೋಬಿ ಸಂಸ್ಥೆ 1984ರಲ್ಲಿ ಹೊರತಂದ, ಪೇರಿಕೆಯನ್ನೇ ಆಧರಿಸಿದ ಪೋಸ್ಟ್‌ಸ್ಕ್ರಿಪ್ಟ್‌ನಲ್ಲಿ ಹೀಗಲ್ಲ. ಅಲ್ಲಿ ಅರ್ಥವನ್ನು ಬಳಕೆಯ ಗಳಿಗೆಯಲ್ಲಿ ಹುಡುಕುವುದರಿಂದ, ಬೇರೆ ಏರ್ಪಾಡು ಮಾಡದಿದ್ದರೆ, ಹಳೆಯ ರಚನೆಗಳೂ ಹೊಸ ಅರ್ಥವನ್ನು ತಾಳುತ್ತವೆ. ಕನ್ನಡದಲ್ಲಿ ಎರಡೂ ಇವೆ. ಎತ್ತಿನದಾಗಿದ್ದ ಗಾಡಿ ಮೋಟಾರಿನದಾದಾಗ ‘ಗಾಡಿ ಓಡಿಸು’ ಎಂಬುದರ ಅರ್ಥವೂ ಜೊತೆಗೆ ಸಾಗಿತು. ಆದರೆ ‘ಎಣ್ಣೆ’ ಎಂಬುದು ಎಳ್ಳು ಮತ್ತು ಜಿಡ್ಡನ್ನು ಹೇಳುವ ‘ನೆಯ್’ ಸೇರಿದ ಪದ. ‘ಬೆಣ್ಣೆ’ ಬಿಳಿಯ ನೆಯ್. ನಾಮಪದವಾಗಿ ‘ನೆಯ್’ ಆಡುಮಾತಿನಿಂದ ಮರೆಯಾಗಿ ಅದರ ಸ್ಥಾನದಲ್ಲಿ ತುಪ್ಪ ನಿಂತಿದೆ. ಎಣ್ಣೆ, ಬೆಣ್ಣೆಗಳೊಳಗೆ ಮಾತ್ರ ಹಳೆಯದು ಹಾಗೆಯೇ ಉಳಿದಿದೆ. ಎಣ್ಣೆಯೂ ಎಳ್ಳನ್ನು ಮರೆತು ಕೊಬ್ಬರಿ ಎಣ್ಣೆ, ಸೀಮೆಎಣ್ಣೆಗಳಿಗೆ ತಾಯಿಯಾಯಿತು. ಫೋರ್ತ್‌ನಲ್ಲಿ ‘ಫರ್ಗೆಟ್’ ಎಂಬ ಪದವಿತ್ತು. ಅದು ಒಂದು ಪದವನ್ನು ಅಳಿಸಿದರೆ ಅನಂತರ ಹುಟ್ಟಿದ ಎಲ್ಲವೂ ಜೊತೆಗೆ ಅಳಿಯುತ್ತಿದ್ದವು. 1994ರ ಮಾನಕ ಅದನ್ನು ಬಳಕೆ ತಪ್ಪುತ್ತಿರುವ ಪದವೆಂದು ಗುರುತಿಸಿತು. ಮರೆಯುವುದರಲ್ಲಿ ಕನ್ನಡ ಅದಕ್ಕಿಂತ ಉದಾರಿ.

ಭಾಷೆಯನ್ನು ಒಳಗಿನಿಂದ ವಿಸ್ತರಿಸಬೇಕೆ, ಹೊರಗಿನಿಂದ ತುಂಬಬೇಕೆ ಎಂಬ ಚರ್ಚೆ ಹೈದರಾಬಾದಿಗೆ ಹೊಸದಲ್ಲ. 1917ರಲ್ಲಿ ಇಲ್ಲಿ ಭಾಷಾಂತರ ಸಂಸ್ಥೆ ದಾರುಲ್ ತರ್ಜುಮಾ ಸ್ಥಾಪನೆಯಾಯಿತು. ಮರುವರ್ಷ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನು ಉರ್ದುವಿನಲ್ಲಿ ನೀಡಲು ಹೊರಟಿತು. ಅರಬ್ಬಿ ಧಾತುಗಳಿಂದ ಪರಿಭಾಷೆಯನ್ನು ಕಟ್ಟುವ ಒಲವು ಪ್ರಬಲವಾಗಿದ್ದಾಗ, ಅಲ್ಲಿನ ಉರ್ದು ಪ್ರಾಧ್ಯಾಪಕ ವಹೀದುದ್ದೀನ್ ಸಲೀಂ ಪರಿಭಾಷಾ ರಚನೆಯನ್ನು ಕುರಿತು ಗ್ರಂಥವನ್ನೇ ಬರೆದು, ಉರ್ದುವಿಗೆ ಸಹಜವಾದ ಪ್ರತ್ಯಯ, ಸಮಾಸಗಳ ಪರವಾಗಿ ವಾದಿಸಿದರು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ, ಗುಲಬರ್ಗಾ, ರಾಯಚೂರಿನ ಕನ್ನಡಿಗರಿಗೆ ಈ ಚರಿತ್ರೆ ಪರಕೀಯವಲ್ಲ. ಸಲೀಂ ಅವರ ಪಕ್ಷವೇ ಕನ್ನಡಕ್ಕೂ ಹೊಂದುತ್ತದೆ ಎಂದು ನನ್ನ ಅಭಿಪ್ರಾಯ. ಸಂಸ್ಕೃತದ ಪದ ಬೇಡವೆಂದಲ್ಲ. ‘ವರ್ಗ’, ‘ಘನ’ಗಳು ನಮ್ಮವೇ ಆಗಿ ಹೋಗಿವೆ. ನಮ್ಮ ಪಾರಿಭಾಷಿಕ ಕೋಶಗಳಲ್ಲಿ ಒಂದು ಇಂಗ್ಲಿಷ್ ಶಬ್ದಕ್ಕೆ ಎದುರಾಗಿ ಒಂದು ಕನ್ನಡ ಶಬ್ದವನ್ನಿಟ್ಟು ಮುಂದೆ ಸಾಗುವ ಕ್ರಮವಿದೆ. ಆ ಶಬ್ದದಿಂದ ಮುಂದಿನ ಪದ ಹುಟ್ಟೀತೆ ಎಂಬುದನ್ನು ಪರೀಕ್ಷಿಸುವುದು ವಿರಳ. ‘ಪೇರಿಕೆ’ಯನ್ನು ಇಲ್ಲಿ ಆಯ್ದುಕೊಂಡದ್ದು ಆ ಪರೀಕ್ಷೆಯಿಂದಲೇ. ಸಂಖ್ಯೆಯನ್ನು ಪೇರಿಸುತ್ತೇವೆ, ಪೇರಿಸಿದ್ದನ್ನು ಇಳಿಸುತ್ತೇವೆ. ಮೇಲಿರುವುದು ಪೇರಿಕೆಯ ತುದಿ, ಏನೂ ಇಲ್ಲದಿದ್ದರೆ ಬರಿಪೇರಿಕೆ.