ಒಲ್ಲೆ ಅನ್ನುವ ಮಾತೂ ಇರಲಿ, ಪುಟ್ಟಿ

ಪುಟ್ಟಿ,

ನೀನು ದಾವಣಗೆರೆಗೆ ವಾಪಸ್ ಹೋದ ದಿನ ನಡುಮನೆಯ ಹಾಸಿಗೆ ಮಡಚುವಾಗ ದಿಂಬಿನ ಕೆಳಗೆ ಒಂದು ಪುಸ್ತಕ ಸಿಕ್ಕಿತು. ಮೇಲೆ ರಸಾಯನಶಾಸ್ತ್ರದ ಗೈಡಿನ ರಟ್ಟು, ಒಳಗೆ ನೀಲಿ ಗೌನು ತೊಟ್ಟ ಹುಡುಗಿಯ ಕಥೆ. ಕೀರಾ ಕ್ಯಾಸ್ ಬರೆದ ‘ದಿ ಸೆಲೆಕ್ಷನ್’. ನಿಮ್ಮಮ್ಮನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ನಾನೇ ಓದಿದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳಿಗೆ ಇಂಗ್ಲಿಷ್ ಕಾದಂಬರಿ ನಿಧಾನವಾದರೂ ದಕ್ಕುತ್ತದೆ. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು, ಮಧ್ಯಾಹ್ನ ಅಡಿಕೆ ಸುಲಿಯುವವರು ಊಟಕ್ಕೆ ಎದ್ದಾಗ ಒಂದಿಷ್ಟು, ರಾತ್ರಿ ಒಂದಿಷ್ಟು. ಎರಡನೆಯದು ‘ದಿ ಎಲೀಟ್’, ನಿನ್ನ ಚೀಲದಲ್ಲಿತ್ತಲ್ಲ, ಅದನ್ನು ನಿಮ್ಮಣ್ಣನ ಕೈಲಿ ಬೇರೆ ತರಿಸಿಕೊಂಡು ಓದಿದೆ. ಆಮೇಲೆ ಈ ಕಾಗದಕ್ಕೆ ಕೂತಿದ್ದೇನೆ.

ಮೊದಲು ಹೇಳಬೇಕಾದ್ದು ಇದು: ಮುಚ್ಚಿಟ್ಟು ಓದಬೇಡ. ನಾನೂ ಮುಚ್ಚಿಟ್ಟು ಓದಿದವಳೇ. ‘ಸುಧಾ’ ವಾರಪತ್ರಿಕೆ 1965ರಲ್ಲಿ ಶುರುವಾಯಿತು. ನಮ್ಮಣ್ಣ ಪೇಟೆಗೆ ಹೋದಾಗಲೆಲ್ಲ ತರುತ್ತಿದ್ದ. ಅದರ ಧಾರಾವಾಹಿಯನ್ನು ನಾನು ಹಿತ್ತಲ ಬಣವೆಯ ಮರೆಯಲ್ಲಿ ಕೂತು ಓದುತ್ತಿದ್ದೆ. ತ್ರಿವೇಣಿಯವರ ಕಾದಂಬರಿಗಳನ್ನೂ ಹಾಗೆಯೇ ಓದಿದ್ದು. ಓದಿದ್ದಕ್ಕೆ ನನಗೆ ಯಾವತ್ತೂ ಪಶ್ಚಾತ್ತಾಪ ಆಗಿಲ್ಲ. ಆದರೆ ಕದ್ದು ಓದಿದ್ದರಲ್ಲಿ ಹುಟ್ಟಿದ ಪ್ರಶ್ನೆಯನ್ನು ಯಾರ ಹತ್ತಿರವೂ ಕೇಳುವ ಹಾಗಿರಲಿಲ್ಲ. ಗಂಡು ಹೆಣ್ಣಿನ ಪ್ರೀತಿ ಅಂದರೇನು, ಮದುವೆ ಅಂದರೇನು ಅನ್ನುವುದನ್ನು ನಾನೊಬ್ಬಳೇ ಅರೆಬರೆ ಊಹಿಸಿಕೊಂಡು ದೊಡ್ಡವಳಾದೆ. ನಿನಗೆ ಹಾಗಾಗಬಾರದು. ಗೈಡಿನ ರಟ್ಟು ಇನ್ನು ಬೇಡ. ಯಾರಾದರೂ ಕೇಳಿದರೆ ಅಜ್ಜಿಯೂ ಇದನ್ನೇ ಓದುತ್ತಿದ್ದಾಳೆ ಅನ್ನು.

ಈ ಕಥೆ ನಿನ್ನ ವಯಸ್ಸಿನ ಹುಡುಗಿಯರನ್ನು ಯಾಕೆ ಹಿಡಿದು ಕೂರಿಸುತ್ತದೆ ಅಂತ ನನಗೆ ಅರ್ಥವಾಗುತ್ತದೆ. ಇಲ್ಲೇಯಾ ಅನ್ನುವ ದೇಶ, ಅಲ್ಲಿಯ ರಾಜಕುಮಾರನಿಗೆ ಹೆಂಡತಿ ಬೇಕು, ನಾಡಿನ ಮೂಲೆಮೂಲೆಯಿಂದ 35 ಹುಡುಗಿಯರನ್ನು ಅರಮನೆಗೆ ಕರೆಸುತ್ತಾರೆ, ಎಲ್ಲವನ್ನೂ ಟಿವಿಯಲ್ಲಿ ಜನ ನೋಡುತ್ತಾರೆ. ಬಡ ಹಾಡುಗಾರರ ಮನೆಯ ಹುಡುಗಿಗೆ ರೇಷ್ಮೆ ಗೌನು, ಮೂವರು ಸೇವಕಿಯರು, ಕೇಳಿದ ತಿಂಡಿ. ಹಾಸ್ಟೆಲಿನ ಚಿತ್ರಾನ್ನ ತಿಂದು, ಬೆಳಗಿಂದ ಸಂಜೆವರೆಗೆ ಸೂತ್ರ ಬಾಯಿಪಾಠ ಮಾಡುವ ಹುಡುಗಿಗೆ ಅದು ಹಿತವಾಗಿಯೇ ಇರುತ್ತದೆ. ತಪ್ಪೇನಿಲ್ಲ. ನೀನೂ ನಿನ್ನ ಗೆಳತಿಯರೂ ರಾಜಕುಮಾರ ಮ್ಯಾಕ್ಸನ್ನೋ, ಅವಳ ಹಳೆಯ ಗೆಳೆಯ ಆಸ್ಪೆನ್ನೋ ಅಂತ ಎರಡು ಪಕ್ಷವಾಗಿದ್ದೀರಿ ಅಂತಲೂ ಕೇಳಿದೆ. ನಾನು ಆ ಜಗಳಕ್ಕೆ ಬರುವುದಿಲ್ಲ. ನನಗೆ ಕಾಣಿಸಿದ್ದು ಬೇರೆ.

ಮೊದಲ ಪುಸ್ತಕದಲ್ಲಿ ಕಥಾನಾಯಕಿ ಅಮೆರಿಕಾ ಸಿಂಗರ್ ಅರಮನೆಗೆ ಹೊರಡುವ ಮುಂಚೆ ಅವಳ ಮನೆಗೆ ಅಧಿಕಾರಿ ಬರುತ್ತಾನಲ್ಲ, ಕರಾರಿಗೆ ಸಹಿ ಹಾಕಿಸಿಕೊಳ್ಳುವುದಕ್ಕೆ? ಆ ಪುಟಗಳನ್ನು ಇನ್ನೊಮ್ಮೆ ನೆನೆಸಿಕೊ. ರಾಜಕುಮಾರ ಏನು ಬಯಸಿದರೂ ಬೇಡ ಅನ್ನುವ ಹಾಗಿಲ್ಲ ಅಂತ ಅವನು ಹೇಳುತ್ತಾನೆ. ಅವಳು ತಾನಾಗಿ ಅರಮನೆ ಬಿಟ್ಟು ಬರುವ ಹಾಗೂ ಇಲ್ಲ, ಅವನು ಕಳಿಸಿದರೆ ಮಾತ್ರ. ಮನೆಗೆ ಹಣ ಬರುತ್ತದೆ. ನಮ್ಮಲ್ಲಿ ಅಡಿಕೆ ಇನ್ನೂ ಮರದಲ್ಲಿರುವಾಗಲೇ ತೋಟವನ್ನು ಖೇಣಿಗೆ ಕೊಡುತ್ತೇವಲ್ಲ, ಖೇಣಿದಾರ ಮುಂಗಡ ಎಣಿಸಿ ಹೋದ ಮೇಲೆ ಆ ವರ್ಷದ ಅಡಿಕೆ ಕೊನೆಯ ಮೇಲೆ ನಮಗೆ ಮಾತಿಲ್ಲ. ಆ ಪುಟ ಓದುವಾಗ ನನಗೆ ನೆನಪಾದದ್ದು ಅದೇ. ತೋಟಕ್ಕಾದರೆ ಸರಿ, ಹುಡುಗಿಗೆ? ಆ ಆಯ್ಕೆಗೆ ಹೆಸರು ಬರೆಸುವುದಕ್ಕೆ ಇಲ್ಲೇಯಾದಲ್ಲಿ 16 ತುಂಬಿದ್ದರೆ ಸಾಕು. ನಮ್ಮ ಕಾನೂನು ಹುಡುಗಿಯ ಮದುವೆಗೆ 18 ಅನ್ನುತ್ತದೆ, ಅದೂ ಎಷ್ಟು ಜನರ ಹೋರಾಟದಿಂದ ಬಂದದ್ದು.

ಒಳ್ಳೆಯದು ಏನೆಂದರೆ ಆ ಹುಡುಗಿ ಕರಾರಿಗೆ ಬಗ್ಗುವುದಿಲ್ಲ. ರಾಜಕುಮಾರ ಮೈಮೇಲೆ ಬೀಳುತ್ತಾನೆ ಅಂತ ತಪ್ಪು ತಿಳಿದುಕೊಂಡಾಗ ಮಂಡಿ ಎತ್ತಿ ಒದೆಯುತ್ತಾಳೆ. ಕೆಳಗಿನ ಜಾತಿಯ ಮನೆಗಳಲ್ಲಿ ಹಸಿವು ಅಂದರೆ ಏನು ಅನ್ನುವುದನ್ನು ಅವನಿಗೆ ಹೇಳುವವಳೂ ಅವಳೇ. ಲೇಖಕಿಗೆ ಈ ಕಥೆ ಹೊಳೆದದ್ದು ಬೈಬಲ್ಲಿನ ಎಸ್ತೇರಳನ್ನೂ ಸಿಂಡ್ರೆಲಾಳನ್ನೂ ನೆನೆದು. ಪರ್ಷಿಯದ ದೊರೆ ನಾಡಿನ ಕನ್ಯೆಯರನ್ನೆಲ್ಲ ಒಟ್ಟು ಮಾಡಿಸಿದಾಗ ಎಸ್ತೇರಳ ಮನಸ್ಸಿನಲ್ಲಿ ಬೇರೆ ಯಾರಾದರೂ ಇದ್ದಿರಬಹುದೇ? ಸಿಂಡ್ರೆಲಾ ಕೇಳಿದ್ದು ಒಂದು ರಾತ್ರಿಯ ಬಿಡುವು, ಒಂದು ಒಳ್ಳೆಯ ಬಟ್ಟೆ. ಅವಳಿಗೆ ರಾಜಕುಮಾರ ನಿಜಕ್ಕೂ ಬೇಕಿತ್ತೇ? ಈ ಪ್ರಶ್ನೆಯಿಂದ ಹುಟ್ಟಿದ ಪುಸ್ತಕ ಇದು. ಬೀಜ ಒಳ್ಳೆಯದು.

ನಾನು ಹೆಚ್ಚು ಹೊತ್ತು ನಿಂತದ್ದು ಇನ್ನೊಂದು ಕಡೆ. ಇಲ್ಲೇಯಾದಲ್ಲಿ ಒಂದರಿಂದ ಎಂಟರವರೆಗೆ ಜಾತಿಗಳಿಗೆ ನಂಬರು. ಅರಮನೆಯವರು ಒಂದು, ಹಾಡುವವರು ಚಿತ್ರ ಬರೆಯುವವರು ಐದು, ಮನೆಗೆಲಸದವರು ಆರು, ಎಂಟನೆಯವರಿಗೆ ಮನೆಯೇ ಇಲ್ಲ. ಐದರ ಅಮೆರಿಕಾ ಆರರ ಆಸ್ಪೆನ್‌ನನ್ನು ಮರದ ಮೇಲಿನ ಗುಡಿಸಲಿನಲ್ಲಿ ಕದ್ದು ಭೇಟಿಯಾಗುತ್ತಾಳೆ, ಯಾಕೆಂದರೆ ಹೆಣ್ಣು ಗಂಡನ ನಂಬರಿಗೆ ಇಳಿಯುತ್ತಾಳೆ. ಅಮೆರಿಕದ ಹುಡುಗಿಯರಿಗೆ ಇದು ಮುಂದೆಂದೋ ಬರಬಹುದಾದ ಕಾಲದ ಕಲ್ಪನೆ. ನಿನಗೆ ಹಾಗಲ್ಲ, ಪುಟ್ಟಿ. ನಮ್ಮೂರ ಬೀದಿಗಳನ್ನೇ ನೆನೆಸಿಕೊ. ಯಾವ ಕೇರಿ ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಗುತ್ತದೆ ಅಂತ ನಿನಗೆ ಐದನೇ ವಯಸ್ಸಿಗೇ ಗೊತ್ತಿತ್ತು, ಯಾರೂ ಕೂರಿಸಿ ಹೇಳಿಕೊಟ್ಟಿರಲಿಲ್ಲ. ಎರಡನೇ ಪುಸ್ತಕದಲ್ಲಿ ಕಾವಲುಗಾರನನ್ನು ಪ್ರೀತಿಸಿದ್ದಕ್ಕೆ ಅಮೆರಿಕಾಳ ಗೆಳತಿ ಮಾರ್ಲಿಯನ್ನೂ ಅವನನ್ನೂ ಜನರ ಮುಂದೆ ನಿಲ್ಲಿಸಿ ಹೊಡೆಸಿ ಎಂಟಕ್ಕೆ ತಳ್ಳುತ್ತಾರೆ. ಅಲ್ಲಿ ನಿನಗೆ ಅಳು ಬಂದಿರುತ್ತದೆ, ನನಗೂ ಬಂತು. ಮನಸ್ಸಿಗೆ ಬಂದವರನ್ನು ಮದುವೆಯಾದರು ಅಂತ ಹೆತ್ತವರೇ ಮಕ್ಕಳ ಜೀವ ತೆಗೆದ ಸುದ್ದಿ ನಮ್ಮ ಪತ್ರಿಕೆಯಲ್ಲಿ ಬಂದ ದಿನವೂ ಅಷ್ಟೇ ಅಳು ಬರಬೇಕು. ಮಾರ್ಲಿಗೆ ಅತ್ತು, ಇಲ್ಲಿಯ ಹುಡುಗಿಗೆ ‘ಅವಳದ್ದೂ ತಪ್ಪಿತ್ತು ಬಿಡು’ ಅಂದರೆ ಆ ಕಾದಂಬರಿ ಓದಿದ್ದು ದಂಡ.

ಈಗ ನನ್ನದೊಂದು ಹಳೆಯ ಸಂಗತಿ. ನನಗೆ ಹದಿನೇಳು ಇದ್ದಾಗ ಹೆಣ್ಣು ನೋಡಲು ಬರತೊಡಗಿದರು. ಪಡಸಾಲೆಯಲ್ಲಿ ಜಮಖಾನ, ತಟ್ಟೆಯಲ್ಲಿ ಉಪ್ಪಿಟ್ಟು ಬಾಳೆಹಣ್ಣು, ನಾನು ಅಕ್ಕನ ಸೀರೆ ಉಟ್ಟು ತಲೆ ಬಗ್ಗಿಸಿ ಕೂರುವುದು. ಒಂದು ಹಾಡು ಹೇಳವ್ವಾ ಅನ್ನುವವರು, ಒಳಗಿಂದ ನೀರು ತಾ ಅಂತ ನಡಿಗೆ ನೋಡುವವರು. ಮೊದಲು ಬಂದ ಎರಡು ಮನೆಯವರು ಹುಡುಗಿ ಕಪ್ಪು ಅಂದು ಹೋದರು. ಮೂರನೆಯವರು ಒಪ್ಪಿದರು. ಗದ್ದೆ ತೋಟ ಇದ್ದ ದೊಡ್ಡ ಮನೆ. ನಮ್ಮಪ್ಪ ಆ ಸಂಜೆಯೇ ಮಾತು ಕೊಡುವುದರಲ್ಲಿದ್ದರು. ನಮ್ಮಜ್ಜಿ ಓದು ಬರಹ ತಿಳಿಯದವಳು. ಕಣದಲ್ಲಿ ಅಡಿಕೆ ಹರವುತ್ತಿದ್ದ ನನ್ನ ಹತ್ತಿರ ಬಂದು, ‘ನಿನಗೆ ಮನಸೈತೇನೇ?’ ಅಂತ ಕೇಳಿದಳು. ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ನಾನು, ‘ಒಲ್ಲೆ ಅಜ್ಜಿ, ಆ ಮನುಷ್ಯ ನನ್ನ ಮಾರೀನೇ ನೋಡಲಿಲ್ಲ, ನಮ್ಮ ಎತ್ತು ನೋಡ್ತಿದ್ದ’ ಅಂದೆ. ಮನೆಯಲ್ಲಿ ಎರಡು ದಿನ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಅಜ್ಜಿ ಮಾತ್ರ ಅಲುಗಾಡಲಿಲ್ಲ. ಮರುವರ್ಷ ನಿಮ್ಮಜ್ಜ ಬಂದರು. ಅವರು ನನ್ನನ್ನು ಕೇಳಿದ ಮೊದಲ ಮಾತು, ಮುಂದೆ ಓದುವ ಆಸೆ ಇದೆಯಾ ಅಂತ. ಟಿ.ಸಿ.ಎಚ್. ಮಾಡಿಸಿದರು. ಆ ಎರಡು ದಿನದ ಮೌನ ನನಗೆ ನಲವತ್ತಾರು ವರ್ಷದ ಸಂಸಾರ ಕೊಟ್ಟಿತು.

ಅದಕ್ಕೇ ನಾನು ಹೇಳುವುದು, ಇಂಥ ಕಥೆ ಓದುವಾಗ ರಾಜಕುಮಾರ ಯಾರನ್ನು ಆರಿಸುತ್ತಾನೆ ಅಂತಷ್ಟೇ ಕಾಯಬೇಡ. ಒಲ್ಲೆ ಅನ್ನುವ ಅವಕಾಶ ಅವಳಿಗೆ ಇದೆಯೇ ಅಂತ ಪುಟಪುಟಕ್ಕೂ ನೋಡು.

ದೂರದ ಇಲ್ಲೇಯಾಕ್ಕೆ ಹೋಗಿ ಬಂದವಳು ನಮ್ಮ ಸುತ್ತಲಿನ ಅರಮನೆಗಳನ್ನೂ ಒಮ್ಮೆ ನೋಡು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ನಮ್ಮ ಚನ್ನಗಿರಿ ಶಿವಮೊಗ್ಗ ಜಿಲ್ಲೆಯಲ್ಲೇ ಇತ್ತು. ಶಿಕಾರಿಪುರದ ಉಡುತಡಿ, ಸಾಗರದ ಕೆಳದಿ, ನಾವು, ಎಲ್ಲ ಒಂದೇ ಜಿಲ್ಲೆ. ಉಡುತಡಿಯ ಹುಡುಗಿ ಮಹಾದೇವಿಯನ್ನು ಹನ್ನೆರಡನೇ ಶತಮಾನದಲ್ಲಿ ಕೌಶಿಕ ರಾಜ ಕಂಡು ಬಯಸಿದ. ಹರಿಹರ ಕವಿ ತನ್ನ ರಗಳೆಯಲ್ಲಿ ಹೇಳುವ ಪ್ರಕಾರ ಅವಳು ಷರತ್ತು ಹಾಕಿ ಅರಮನೆಗೆ ಹೋದಳು: ನನ್ನ ಲಿಂಗಪೂಜೆ, ನನ್ನ ಗುರು, ನನ್ನ ಜಂಗಮರು, ಎಲ್ಲ ನನ್ನ ಇಚ್ಛೆಯಂತೆ, ಮೂರು ತಪ್ಪಿನವರೆಗೆ ಸೈರಿಸುತ್ತೇನೆ. ರಾಜ ಒಪ್ಪಿದ, ಆಮೇಲೆ ಒಂದೊಂದಾಗಿ ಮುರಿದ. ಮೂರನೆಯದಾದ ಮೇಲೆ ಅವಳು ಅರಮನೆಯನ್ನೂ ಉಟ್ಟ ಬಟ್ಟೆಯನ್ನೂ ಬಿಟ್ಟು ಹೊರಟಳು. ಅವಳ ಮದುವೆಯೇ ಆಗಲಿಲ್ಲ ಅನ್ನುವ ಕವಿಗಳೂ ಇದ್ದಾರೆ. ಯಾವ ಬಗೆಯಲ್ಲಿ ಹೇಳಿದರೂ ಕಥೆಯ ಕೀಲು ಒಂದೇ: ಆರಿಸಿದವಳು ಅವಳು. ಕರಾರು ಬರೆದದ್ದು ಅರಮನೆಯಲ್ಲ, ಹುಡುಗಿ. ಅಕ್ಕಮಹಾದೇವಿಯನ್ನು ಬರೀ ಪರೀಕ್ಷೆಗೆ ಓದಿದ್ದೀಯ. ಅಮೆರಿಕಾ ಸಿಂಗರಳ ಸಹಿಯನ್ನೂ ಅಕ್ಕನ ಷರತ್ತನ್ನೂ ಒಟ್ಟಿಗೆ ಇಟ್ಟು ಒಂದು ಸಲ ಓದಿ ನೋಡು.

ಇನ್ನೊಬ್ಬಳು ಕೆಳದಿ ಚೆನ್ನಮ್ಮ. ನಮ್ಮ ತಾಲ್ಲೂಕಿಗೆ ಹೆಸರು ಬಂದದ್ದೇ ಅವಳಿಂದ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಅವಳು ಅರಸು ಮನೆಯ ಹುಡುಗಿಯಲ್ಲ, ವ್ಯಾಪಾರಿ ಸಿದ್ದಪ್ಪ ಶೆಟ್ಟರ ಮಗಳು. ಜಾತ್ರೆಯಲ್ಲಿ ಸೋಮಶೇಖರ ನಾಯಕ ಅವಳನ್ನು ಕಂಡು ಮೆಚ್ಚಿದ, 1667ರಲ್ಲಿ ಮದುವೆಯಾಯಿತು. ಇಂಗ್ಲಿಷಿನಲ್ಲಿ ಬರೆದಿದ್ದರೆ ಇಲ್ಲಿಗೆ ಪುಸ್ತಕ ಮುಗಿದು, ರಟ್ಟಿನ ಮೇಲೆ ಒಂದು ಕಿರೀಟ ಬರುತ್ತಿತ್ತು. ಚೆನ್ನಮ್ಮನ ಕಥೆ ಶುರುವಾಗುವುದೇ ಅಲ್ಲಿಂದ. ಜಾತ್ರೆಯಲ್ಲಿ ಮೆಚ್ಚಿ ತಂದ ಗಂಡ ಕೆಲವೇ ವರ್ಷಕ್ಕೆ ನರ್ತಕಿಯೊಬ್ಬಳ ಹಿಂದೆ ಬಿದ್ದು ರಾಜ್ಯವನ್ನೂ ಹೆಂಡತಿಯನ್ನೂ ಮರೆತ, ಕೊನೆಗೆ ಜೀವವನ್ನೂ ಕಳೆದುಕೊಂಡ. ಮಕ್ಕಳಿಲ್ಲ, ಶತ್ರುಗಳು ಹತ್ತಿರದಲ್ಲೇ. ಅವಳು ಪಟ್ಟಕ್ಕೆ ಬಂದು ಸುಮಾರು 25 ವರ್ಷ ರಾಜ್ಯವಾಳಿದಳು. ಬಸಪ್ಪನನ್ನು ದತ್ತು ತೆಗೆದುಕೊಂಡು ಬೆಳೆಸಿದಳು. ಶಿವಾಜಿಯ ಮಗ ರಾಜಾರಾಮ ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು 1689ರಲ್ಲಿ ಬಂದು ಆಸರೆ ಕೇಳಿದಾಗ, ದೊಡ್ಡ ದೊಡ್ಡ ಗಂಡಸರು ನಡುಗುತ್ತಿದ್ದ ಕಾಲದಲ್ಲಿ, ಇರು ಅಂದಳು. ಮೊಗಲರ ಸೈನ್ಯ ಬಂತು, ಅವಳು ಎದುರಿಸಿ ನಿಂತಳು. ಮೆಚ್ಚಿ ಕರೆತಂದ ಪ್ರೀತಿ ಅವಳ ಕೈ ಬಿಟ್ಟಿತು. ಉಳಿದು ಬಂದದ್ದು ಅವಳ ಬುದ್ಧಿ, ಎದೆಗಾರಿಕೆ. ಜಾತ್ರೆಯ ಆ ದಿನದ ಕಥೆ ಎಷ್ಟು ಚಂದವಿದ್ದರೂ ನಾಡು ಅವಳನ್ನು ನೆನೆಯುವುದು ಅದಕ್ಕಲ್ಲ.

ಅರಮನೆಯ ಪ್ರೀತಿಯನ್ನೇ ಕನ್ನಡದಲ್ಲಿ ಮನಸ್ಸು ತುಂಬ ಓದಬೇಕು ಅನ್ನಿಸಿದರೆ ಸಿ.ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ ನನ್ನ ಕಪಾಟಿನಲ್ಲಿದೆ, ನಾಲ್ಕೂ ಸಂಪುಟ. ಹೆಗ್ಗಡೆಯ ಮಗಳು ಹೊಯ್ಸಳರ ರಾಣಿಯಾದ ಕಥೆ. ಹೆಗ್ಗಡೆ ಅಂದರೆ ಅಧಿಕಾರಿ, ಅರಸನಲ್ಲ. 1983ರಲ್ಲಿ ಮೂರ್ತಿದೇವಿ ಪ್ರಶಸ್ತಿ ಮೊಟ್ಟಮೊದಲು ಬಂದದ್ದು ಈ ಪುಸ್ತಕಕ್ಕೆ. ದಪ್ಪ ನೋಡಿ ಹೆದರಬೇಡ. ರಾತ್ರಿ ಎರಡು ಗಂಟೆಯವರೆಗೆ ಓದುವವಳಿಗೆ ಅದು ಲೆಕ್ಕವಲ್ಲ.

ಒಂದು ಸಣ್ಣ ಮಾತು ಉಳಿದಿದೆ. ಬಸ್ಸಿನಲ್ಲೋ ಕಾಲೇಜಿನಲ್ಲೋ ಯಾರಾದರೂ ನಿನಗೆ ಹಿಡಿಸಬಹುದು, ನಿನ್ನನ್ನು ಯಾರಾದರೂ ಮೆಚ್ಚಬಹುದು. ಅದು ವಯಸ್ಸಿನ ಗುಣ, ಬೈಯುವಂಥದ್ದಲ್ಲ. ಆದರೆ ಮೊಬೈಲಿನಲ್ಲಿ ‘ನೀನೇ ನನ್ನ ರಾಣಿ’ ಅಂದವನನ್ನು ಒಂದು ಸಲ ಬೇಡ ಅಂದು ನೋಡು. ಸುಮ್ಮನಾಗಿ ಗೌರವದಿಂದ ಹಿಂದೆ ಸರಿದರೆ ಅವನು ಮನುಷ್ಯ. ಸಿಟ್ಟಾದರೆ, ಅತ್ತು ಕಾಡಿದರೆ, ಫೋಟೊ ತೋರಿಸಿ ಹೆದರಿಸಿದರೆ, ಅವತ್ತೇ ನನಗೆ ಫೋನ್ ಮಾಡು. ರಾತ್ರಿ ಎಷ್ಟು ಹೊತ್ತಾಗಿದ್ದರೂ ಸರಿ. ನಾನು ನಿನ್ನನ್ನು ಒಂದು ಮಾತು ಬೈಯುವುದಿಲ್ಲ. ನಾಳೆ ಮದುವೆಯ ಮಾತು ಬಂದಾಗಲೂ ಹಾಗೇ. ಎಷ್ಟೇ ದೊಡ್ಡ ಮನೆಯಾಗಲಿ, ಎಷ್ಟೇ ಎಕರೆ ತೋಟವಿರಲಿ, ಆ ಪ್ರಶ್ನೆಯನ್ನು ಕಣದಲ್ಲಿ ನಿಂತು ನಮ್ಮಜ್ಜಿ ಕೇಳಿದ ಹಾಗೆ ನಾನು ಕೇಳುತ್ತೇನೆ. ನೀನು ಒಲ್ಲೆ ಅಂದರೆ ಮನೆಯವರ ಮುಂದೆ ನಿಲ್ಲುವವಳು ನಾನು.

ಮೂರನೆಯ ಪುಸ್ತಕವನ್ನು ನಾನಿನ್ನೂ ತೆರೆದಿಲ್ಲ, ನಿನ್ನ ಜೊತೆ ಓದೋಣ ಅಂತ. ದಸರಾ ರಜೆಗೆ ಬರುವಾಗ ತಗೊಂಡು ಬಾ. ಒಂದು ಬೆಳಗ್ಗೆ ಬಿಸಿಲೇರುವ ಮುಂಚೆ ಖಾರ ಮಂಡಕ್ಕಿ ಕಟ್ಟಿಕೊಂಡು ಚನ್ನಗಿರಿಗೆ ಹೋಗೋಣ. ಗುಡ್ಡ ಹತ್ತಿ ಕೋಟೆ ನೋಡಿ, ರಂಗನಾಥಸ್ವಾಮಿಗೆ ಕೈ ಮುಗಿದು, ಗುಡಿಯ ಮೆಟ್ಟಿಲ ಮೇಲೆ ಕೂತು ನೀನು ಓದು, ನಾನು ಕೇಳುತ್ತೇನೆ.

ನಿನ್ನ ಅಜ್ಜಿ,
ತ್ಯಾವಣಿಗೆ