ಒಂದು ವರ್ಷ ಹಿಂದಕ್ಕೆ ಹೋದ ಇಂಡಿಯಾನಾ ಜೋನ್ಸ್

ಪ್ರಶ್ನೆ: ‘ಟೆಂಪಲ್ ಆಫ್ ಡೂಮ್’ (1984) ಸರಣಿಯ ಎರಡನೇ ಚಿತ್ರ. ಕಥೆ ಮಾತ್ರ ಮೊದಲ ಚಿತ್ರಕ್ಕಿಂತ ಹಿಂದಿನದು. ಏಕೆ ಹೀಗೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹಾಗೆ ಹಿಂದೆ ಹೋಗುವ ಅಗತ್ಯ ಕಥೆಗಿರಲಿಲ್ಲ, ಕಥೆಗಾರ ಜಾರ್ಜ್ ಲ್ಯೂಕಾಸ್‌ಗಿತ್ತು. 1981ರ ‘ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್’ ನಡೆಯುವುದು 1936ರಲ್ಲಿ. ಮತ್ತೆ ನಾಜಿಗಳೇ ಖಳರಾಗುವುದು ಅವರಿಗೆ ಬೇಡವಾಗಿತ್ತು. ಕಥೆಯನ್ನು 1935ಕ್ಕೆ ತಂದರೆ ಆ ಗೊಡವೆಯಿಲ್ಲ, ಹಳೆಯ ನಾಯಕಿ ಮೇರಿಯನ್ ಎಲ್ಲಿ ಹೋದಳು ಎಂದು ಯಾರೂ ಕೇಳುವಂತಿಲ್ಲ. ಹಾಗಾಗಿ ಇದು ಇಸವಿಯಲ್ಲಷ್ಟೇ ಪ್ರೀಕ್ವೆಲ್. ಆ ಟೋಪಿ, ಚಾವಟಿಗಳು ಜೋನ್ಸ್‌ಗೆ ಹೇಗೆ ಬಂದವು ಎಂದು ಹೇಳಿದ್ದು 1989ರ ಮೂರನೇ ಚಿತ್ರ. ಇಲ್ಲಿ ಒಂದು ಎಡವಟ್ಟೂ ಇದೆ: 1935ರಲ್ಲಿ ಪವಿತ್ರ ಕಲ್ಲುಗಳು ಕೆಂಡವಾಗುವುದನ್ನು ಕಣ್ಣಾರೆ ಕಂಡವನು, 1936ರಲ್ಲಿ ಮಾಟ ಮಂತ್ರ ಯಾವುದನ್ನೂ ನಂಬುವುದಿಲ್ಲ ಎನ್ನುತ್ತಾನೆ!

ಪ್ರಶ್ನೆ: ಕಥೆ ಭಾರತದ್ದು, ಅಮರೀಶ್ ಪುರಿಯೂ ಇದ್ದಾರೆ. ಆದರೆ ಹಳ್ಳಿಗರ ಮಾತು ನಮ್ಮ ಯಾವ ಭಾಷೆಯಂತೆಯೂ ಕೇಳುವುದಿಲ್ಲ. ಶೂಟಿಂಗ್ ಎಲ್ಲಾಯಿತು?
– ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ಕಿವಿ ಚುರುಕು. ಅದು ಸಿಂಹಳ. ಚಿತ್ರಕಥೆ ಓದಿದ ಭಾರತ ಸರ್ಕಾರ ಬದಲಾವಣೆಗಳನ್ನು ಕೇಳಿತು, ಅಂತಿಮ ಪ್ರತಿಯ ಮೇಲೂ ತನ್ನ ಮಾತು ನಡೆಯಬೇಕೆಂದಿತು. ತಂಡ ಒಪ್ಪದೆ ಶ್ರೀಲಂಕಾದ ಕ್ಯಾಂಡಿಗೆ ಹೋಯಿತು. ಕೊನೆಯ ಹೊಡೆದಾಟ ನಡೆಯುವ ತೂಗುಸೇತುವೆ ಕಟ್ಟಲು ಹತ್ತಿರದ ವಿಕ್ಟೋರಿಯಾ ಅಣೆಕಟ್ಟಿನ ಎಂಜಿನಿಯರುಗಳು ನೆರವಾದರು. ಒಳಾಂಗಣ ದೃಶ್ಯಗಳು ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೋದಲ್ಲಾದವು. ನಡುವೆ ಜೋನ್ಸ್ ಪಾತ್ರಧಾರಿ ಹ್ಯಾರಿಸನ್ ಫೋರ್ಡ್‌ಗೆ ಬೆನ್ನಿನ ಡಿಸ್ಕ್ ಜಾರಿ, ಅನೇಕ ಶಾಟ್‌ಗಳನ್ನು ಡ್ಯೂಪ್ ವಿಕ್ ಆರ್ಮ್‌ಸ್ಟ್ರಾಂಗ್ ಮಾಡಬೇಕಾಯಿತು.

ಸರ್ಕಾರದ ತಕರಾರು ಅತಿಯಾಯಿತೆಂದು ನನಗನಿಸುವುದಿಲ್ಲ. ರಾಜಭೋಜನದಲ್ಲಿ ಮಂಗನ ಮಿದುಳು, ಕಾಳಿಯ ಮುಂದೆ ನರಬಲಿ ಒತ್ತಟ್ಟಿಗಿರಲಿ. ದಾರಿಹೋಕರನ್ನು ಕೊಂದು ದೋಚುತ್ತಿದ್ದ ಠಕ್ಕರನ್ನು ಬ್ರಿಟಿಷರು 1830ರ ದಶಕದಲ್ಲೇ ಹತ್ತಿಕ್ಕಲು ಹೊರಟಿದ್ದರು. ನೂರು ವರ್ಷದ ನಂತರದ ಈ ಕಥೆಯಲ್ಲಿ ಆ ಠಕ್ಕರು ಮತ್ತೆ ಹಾಜರು, ಸ್ವಾತಂತ್ರ್ಯ ಹೋರಾಟದ ಸುಳಿವಿಲ್ಲ. ಕೊನೆಗೆ ಕಾಪಾಡಲು ಬಂದೂಕು ಹಿಡಿದು ಬರುವುದೂ ಬ್ರಿಟಿಷ್ ಸೇನೆಯೇ. ಕಾರ್ನಾಡರ ‘ಕಾಡು’ (1973) ಚಿತ್ರದಲ್ಲಿ ಚಂದ್ರೇಗೌಡನಾಗಿದ್ದ ಪುರಿಯವರನ್ನು ನೆನೆಸಿಕೊಂಡು ನೋಡಿ: ತಲೆ ಬೋಳಿಸಿಕೊಂಡ ಇಲ್ಲಿನ ಖಳ ಮೋಲಾರಾಮ್‌ಗೆ ಅಬ್ಬರಿಸುವುದು ಬಿಟ್ಟರೆ ಮಾಡಲು ಹೆಚ್ಚೇನಿಲ್ಲ. ಆದರೂ ಅವರು ತೆರೆಯ ಮೇಲಿದ್ದಷ್ಟು ಹೊತ್ತು ಬೇರೆಯವರತ್ತ ಕಣ್ಣು ಹೋಗದು.

ಪ್ರಶ್ನೆ: ಮಗನಿಗೆ ಹತ್ತು ವರ್ಷ. ತೋರಿಸಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಈಗಲೇ ಬೇಡ. ಬದುಕಿರುವವನ ಎದೆಯಿಂದ ಹೃದಯ ಕೀಳುವ ದೃಶ್ಯವಿದೆ. ಅಮೆರಿಕದಲ್ಲಿ ಮಕ್ಕಳೂ ನೋಡಬಹುದಾದ ‘ಪಿಜಿ’ ದರ್ಜೆಯಲ್ಲೇ ಇದು ತೆರೆಕಂಡಿತ್ತು. ಪೋಷಕರು ಸಿಟ್ಟಾದರು. ಅದೇ ಬೇಸಿಗೆಯ ‘ಗ್ರೆಮ್ಲಿನ್ಸ್’ ಮೇಲೂ ದೂರುಗಳಿದ್ದವು. ನಡುವಿನ ದರ್ಜೆಯೊಂದು ಬೇಕೆಂದು ಸ್ವತಃ ನಿರ್ದೇಶಕ ಸ್ಪೀಲ್‌ಬರ್ಗ್ ಸೂಚಿಸಿದರು; ಜುಲೈ 1984ರಲ್ಲಿ ‘ಪಿಜಿ-13’ ಬಂತು. ಗದ್ದಲದಿಂದ ಗಳಿಕೆಗೇನೂ ಪೆಟ್ಟು ಬೀಳಲಿಲ್ಲ, ಜಗತ್ತಿನಾದ್ಯಂತ ಸುಮಾರು 33 ಕೋಟಿ ಡಾಲರ್ ಬಂತು. ದೃಶ್ಯ ಪರಿಣಾಮಗಳಿಗೆ ಆಸ್ಕರ್ ಕೂಡ ಸಿಕ್ಕಿತು. ಸರಣಿಯಲ್ಲಿ ತಮಗೆ ಕಡಿಮೆ ಇಷ್ಟವಾದದ್ದು ಇದೇ ಎಂದು ಸ್ಪೀಲ್‌ಬರ್ಗ್ ಆಮೇಲೆ ಹೇಳಿಕೊಂಡರು. ಮಗ ಹಟ ಹಿಡಿದರೆ ಗಣಿಯ ಟ್ರಾಲಿಗಳ ಬೆನ್ನಟ್ಟುವಿಕೆಯಷ್ಟೇ ತೋರಿಸಿ. ಚಿತ್ರದ ಅತ್ಯುತ್ತಮ ಭಾಗವೂ ಅದೇ.