ಜಿಲೇಬಿ ಮೀನಿನ ಹಾವಳಿಗೆ ಕೊರವನ ಕಾವಲು

ರೋಹು, ಕಾಟ್ಲಾ ಮರಿ ಬಿಟ್ಟು ವರ್ಷವಿಡೀ ಕಾದು ಬಲೆ ಎಳೆದರೆ ಅಂಗೈಯಗಲದ ಜಿಲೇಬಿ ಮೀನೇ ರಾಶಿ ಬೀಳುತ್ತದೆ. ಕೆರೆ ಗುತ್ತಿಗೆ ಹಿಡಿದವರಿಗೂ ಕೃಷಿಹೊಂಡದಲ್ಲಿ ಮೀನು ಸಾಕುವವರಿಗೂ ಇದು ಹೊಸ ಗೋಳಲ್ಲ. ಈ ಮೊಸಾಂಬಿಕ್ ತಿಲಾಪಿಯಾ ಆಫ್ರಿಕಾ ಮೂಲದ್ದು. 1952ರಲ್ಲಿ ಭಾರತಕ್ಕೆ ಬಂದದ್ದು ಈಗ ದಕ್ಷಿಣದ ಕೆರೆ, ಜಲಾಶಯಗಳಲ್ಲೆಲ್ಲ ಬೇರು ಬಿಟ್ಟಿದೆ.

ಇದರ ಬಲವೆಲ್ಲ ಸಂತಾನದಲ್ಲಿದೆ. ನೀರು ತಿಳಿಯಾಗಿದ್ದಾಗ ದಡದಲ್ಲಿ ಬಗ್ಗಿ ನೋಡಿ. ಮೊಣಕಾಲುದ್ದ ನೀರಿನಡಿಯ ಕೆಸರಿನಲ್ಲಿ ತಟ್ಟೆಯಗಲದ ಗುಂಡಿಗಳು ಕಾಣುತ್ತವೆ. ಗಂಡು ಮೀನು ತೋಡಿದ ಗೂಡುಗಳವು. ಹೆಣ್ಣು ಅಲ್ಲಿ ಮೊಟ್ಟೆಯಿಟ್ಟು ಕೂಡಲೇ ಬಾಯಿಗೆ ತುಂಬಿಕೊಳ್ಳುತ್ತದೆ. ಮೊಟ್ಟೆ ಒಡೆದು ಮರಿ ಈಜುವವರೆಗೂ, ಸುಮಾರು ಎರಡು ವಾರ, ಅದರ ಬಾಯೇ ತೊಟ್ಟಿಲು. ಆಮೇಲೂ ಅಪಾಯ ಕಂಡರೆ ಮರಿಗಳು ಮತ್ತೆ ತಾಯಿಯ ಬಾಯೊಳಕ್ಕೆ ನುಗ್ಗುತ್ತವೆ. ಹುಟ್ಟಿದ ಎರಡು ಮೂರು ತಿಂಗಳಿಗೇ ಇದು ಪ್ರಾಯಕ್ಕೆ ಬರುತ್ತದೆ. ಹೊಂಡ ತುಂಬಿದ ಮೇಲೆ ಮೇವು ಸಾಲದೆ ಜಿಲೇಬಿಯೂ ಬೆಳೆಯುವುದಿಲ್ಲ, ನಮ್ಮ ಗೆಂಡೆ ಮೀನನ್ನೂ ಬೆಳೆಯಗೊಡುವುದಿಲ್ಲ.

ಬಲೆಯೊಂದರಿಂದಲೇ ಇದನ್ನು ಮುಗಿಸಲಾಗದು, ಏಕೆಂದರೆ ಮರಿಗಳು ಬಲೆಯ ಕಣ್ಣಿನಿಂದ ನುಸುಳುತ್ತವೆ. ಆ ಮರಿಗಳನ್ನು ಹುಡುಕಿ ತಿನ್ನಲು ನಮ್ಮ ನೀರಿನದೇ ಬೇಟೆಗಾರ ಮೀನಿದೆ: ಮುರ್ರೆಲ್ ಎಂದೂ ಕರೆಯುವ ಕೊರವ. ಆದರೆ ಕೊರವ ತನ್ನ ಬಾಯಿಗೆ ಹಿಡಿಯುವಷ್ಟನ್ನೇ ನುಂಗೀತು. ಬೆಳೆದ ಜಿಲೇಬಿಯ ಬೆನ್ನುಮುಳ್ಳಿನ ಮುಂದೆ ಅದರ ಆಟ ನಡೆಯದು. ಆದ್ದರಿಂದ ಮೊದಲು ದೊಡ್ಡವನ್ನು ನಾವೇ ತೆಗೆಯಬೇಕು.

ಬೇಸಿಗೆಯಲ್ಲಿ ಹೊಂಡವನ್ನು ಪೂರ್ತಿ ಬರಿದು ಮಾಡಿ, ನೆಲ ಬಿರುಕು ಬಿಡುವಂತೆ ಒಣಗಿಸುವುದು ಎಲ್ಲಕ್ಕಿಂತ ಒಳ್ಳೆಯದು. ನೀರು ಖಾಲಿ ಮಾಡಲಾಗದಿದ್ದರೆ ಹಿಪ್ಪೆ ಹಿಂಡಿ ಬಳಸಬಹುದು. ಕಾಲೆಕರೆ ಹೊಂಡದಲ್ಲಿ ಒಂದು ಮೀಟರ್ ನೀರಿದ್ದರೆ ಸುಮಾರು 250 ಕೆ.ಜಿ. ಬೇಕು. ಅದರ ವಿಷ ಇಳಿಯಲು ಮೂರು ವಾರ ಬಿಡಿ. ಊರ ಕೆರೆಗೆ ಮಾತ್ರ ಇದನ್ನು ಹಾಕಲೇಬೇಡಿ, ಅಲ್ಲಿನ ನಾಟಿ ಮೀನೂ ಸಾಯುತ್ತದೆ. ಕಾಲುವೆ ನೀರು ಒಳಬರುವ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟದಿದ್ದರೆ ಇಷ್ಟು ಮಾಡಿದ್ದೂ ವ್ಯರ್ಥ.

ಹೊಸ ನೀರಿಗೆ ಮೊದಲು ರೋಹು, ಕಾಟ್ಲಾ ಬಿಡಿ, ಅದೂ ಗೇಣುದ್ದ ಬೆಳೆದ ಮರಿಗಳನ್ನು. ಅವು ನೆಲೆಯೂರಿದ ಮೇಲೆ ಬೆರಳುದ್ದದ ಕೊರವ ಮರಿ ಬಿಡಬೇಕು. ಈ ಕ್ರಮ ತಲೆಕೆಳಗಾದರೆ ಕೊರವ ನಿಮ್ಮ ಬಿತ್ತನೆಯನ್ನೇ ತಿಂದು ಮುಗಿಸುತ್ತದೆ. ಮರಿಗಳೆಲ್ಲ ಒಂದೇ ಅಳತೆಯವಿರಲಿ, ಇಲ್ಲದಿದ್ದರೆ ದೊಡ್ಡದು ಚಿಕ್ಕದನ್ನು ನುಂಗುತ್ತದೆ. ಎಷ್ಟು ಮರಿ ಬೇಕೆಂಬುದು ಹೊಂಡದಲ್ಲಿ ಉಳಿದಿರುವ ಜಿಲೇಬಿಯ ಮೇಲೆ ನಿಂತಿದೆ. ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ವಿಚಾರಿಸಿ, ಕಡಿಮೆಯಿಂದಲೇ ಶುರು ಮಾಡಿ. ಗಾಳಿಯನ್ನೇ ಉಸಿರಾಡಬಲ್ಲ ಕೊರವ ಮಳೆಯ ರಾತ್ರಿ ಏರಿ ಹತ್ತಿ ಹೊರಟುಬಿಡುತ್ತದೆ, ಸುತ್ತ ಬಲೆಯ ಬೇಲಿ ಬೇಕೇ ಬೇಕು.

ಜಿಲೇಬಿ ತಿನ್ನಲಿ ಎಂದು ಆಫ್ರಿಕನ್ ಕ್ಯಾಟ್‌ಫಿಶ್ ಬಿಡಿ ಎನ್ನುವವರು ಸಿಗುತ್ತಾರೆ. ಅವರ ಮಾತು ಕೇಳಬೇಡಿ. ಅದರ ಸಾಕಣೆಗೆ ನಿಷೇಧವಿದೆ. ಕೋಡಿ ಬಿದ್ದಾಗ ಹೊಳೆ ಸೇರಿತೆಂದರೆ ಹಿಂದಕ್ಕೆ ಕರೆಯಲಾಗದು. ಸೊಳ್ಳೆಮರಿ ತಿನ್ನಲೆಂದು 1928ರಲ್ಲಿ ತರಿಸಿದ ಗ್ಯಾಂಬೂಸಿಯಾ ಮೀನು ನಾಟಿ ಮೀನಿನ ಮೊಟ್ಟೆ, ಮರಿಗಳನ್ನೂ ಬಿಡಲಿಲ್ಲ. ಹೊರಗಿನ ಮೀನಿಗೆ ಹೊರಗಿನದೇ ಮದ್ದು ಬೇಡವೆಂದು ಒತ್ತಿ ಹೇಳುವುದು ಇದಕ್ಕಾಗಿಯೇ.

ಕೊರವ ಬಿಟ್ಟ ಮೇಲೂ ತಿಂಗಳಿಗೊಮ್ಮೆ ಬಲೆ ಹಾಕಿ ದೊಡ್ಡ ಜಿಲೇಬಿ ಹಿಡಿಯುತ್ತಿರಿ, ದಡದ ಗುಂಡಿಗಳನ್ನು ಕಾಲಿನಿಂದ ಕೆಡಿಸಿ. ಹಾವಳಿ ಬುಡಸಮೇತ ಹೋಗದು, ಆದರೆ ಹಿಡಿತಕ್ಕೆ ಬರುತ್ತದೆ. ಕೊರವ ಬೆಳೆದಂತೆಲ್ಲ ಅದರ ಬಾಯೂ ಅಗಲವಾಗುತ್ತದೆ. ಗೆಂಡೆಗಳಿಗೆ ಬಾಯಿ ಹಾಕುವ ಗಾತ್ರಕ್ಕೆ ಬರುವ ಮುನ್ನ ಹಿಡಿದು ಜೀವಂತವಾಗಿಯೇ ಮಾರಿ, ಬೆಲೆ ಚೆನ್ನಾಗಿ ಸಿಗುತ್ತದೆ.